ಲಿಂಕ್ ಇಲ್ಲದ ಹಲ್ಲಿ

ಭಾಗ 1/8

ಹೋದ ವಾರ ಹಾಕಿದ ಕಾಗದದ ಹಲ್ಲಿ ಫೋಟೋಗೆ ಬಂದ ಕಾಮೆಂಟ್‌ಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳ್ತಿದ್ವು: "ಟ್ಯುಟೋರಿಯಲ್ ಲಿಂಕ್ ಕಳ್ಸು." ನಮ್ಮ ಕ್ಲಾಸಿನವರಂತೂ ಡಿಎಂನಲ್ಲಿ ಸಾಲಾಗಿ ಬಂದು ಕೇಳಿದ್ರಿ.

ಲಿಂಕ್ ಇಲ್ಲ. ಅಡಗಿಸಿಟ್ಟಿಲ್ಲ, ನಿಜವಾಗಲೂ ಇಲ್ಲ. ಆ ಹಲ್ಲಿಗೆ ಯಾರೂ ವಿಡಿಯೋ ಮಾಡಿಲ್ಲ, ಯಾವ ಪುಸ್ತಕದಲ್ಲೂ ಅದು ಬಂದಿಲ್ಲ. ಒಂದು ಗ್ರಾಫ್ ಶೀಟ್, ಒಂದು ಕೈವಾರ, ಹೈಸ್ಕೂಲಿನ ಜ್ಯಾಮಿತಿ ಇಟ್ಕೊಂಡು ನಾನೇ ಲೆಕ್ಕ ಹಾಕಿ ಮಾಡಿದ್ದು.

ಅದಕ್ಕೆ ಲಿಂಕ್ ಬದಲು ಈ ಎಂಟು ಭಾಗದ ಸರಣಿ. ಹಲ್ಲಿ ಮಡಿಸೋದು ಹೇಗೆ ಅಂತ ಇದರಲ್ಲಿ ಸ್ಟೆಪ್ ಬೈ ಸ್ಟೆಪ್ ಇಲ್ಲ. ನಿಮಗೆ ಇಷ್ಟವಾದ ಪ್ರಾಣಿಯನ್ನ ನೀವೇ ಡಿಸೈನ್ ಮಾಡೋಕೆ ಎಲ್ಲಿಂದ ಶುರು ಮಾಡಬೇಕು ಅನ್ನೋದಿದೆ. ಸೇವ್ ಮಾಡ್ಕೊಳ್ಳಿ, ನಿಧಾನಕ್ಕೆ ಓದಿ. ಪಕ್ಕದಲ್ಲಿ ಒಂದು ಚೌಕದ ಹಾಳೆ ಇದ್ರೆ ಇನ್ನೂ ಒಳ್ಳೇದು.

—

ಭಾಗ 2/8

2020ರ ಲಾಕ್‌ಡೌನ್‌ನಲ್ಲಿ ವಿಡಿಯೋ ನೋಡಿ ಮಡಿಸೋಕೆ ಶುರು ಮಾಡಿದವಳು ನಾನು. ಕೊಕ್ಕರೆ, ಕಪ್ಪೆ, ಗುಲಾಬಿ, ನರಿ, ಡ್ರ್ಯಾಗನ್. ಮಂಚದ ಕೆಳಗೆ ಎರಡು ಶೂ ಬಾಕ್ಸ್ ತುಂಬಿವೆ. ಕೈ ಚುರುಕಾಯ್ತು, ಮಡಿಕೆ ನೀಟಾಯ್ತು, ಫಾಲೋವರ್ಸ್ ಬಂದ್ರಿ.

ಆಮೇಲೆ ಕಾಲೇಜ್ ಫೆಸ್ಟ್‌ನಲ್ಲಿ ಒಂದು ಚಿಕ್ಕ ಸ್ಟಾಲ್ ಹಾಕಿದ್ದೆ. ಆರೇಳು ವರ್ಷದ ಒಂದು ಹುಡುಗಿ ಅಮ್ಮನ ಕೈ ಹಿಡ್ಕೊಂಡು ಬಂದಳು. ಟೇಬಲ್ ಮೇಲಿದ್ದ ಒಂದೊಂದನ್ನೂ ತೋರಿಸಿ ಕೇಳಿದಳು: "ಅಕ್ಕ, ಇದನ್ನ ನೀವೇ ಕಂಡುಹಿಡಿದ್ರಾ?" "ಇಲ್ಲ ಪುಟ್ಟಿ, ಜಪಾನಿನವರದ್ದು." "ಇದು?" "ಇದು ಅಮೆರಿಕದವರದ್ದು." "ಮತ್ತೆ ನಿಮ್ದು ಯಾವ್ದು?"

ಟೇಬಲ್ ಮೇಲೆ ನನ್ನದು ಅನ್ನೋದು ಒಂದೂ ಇರಲಿಲ್ಲ.

ಬೇರೆಯವರ ಮಾದರಿ ಮಡಿಸೋದರಲ್ಲಿ ತಪ್ಪೇನೂ ಇಲ್ಲ. ಪುರಂದರದಾಸರ ಕೀರ್ತನೆ ಹಾಡೋರೆಲ್ಲ ದಾಸರಾಗಬೇಕಿಲ್ಲವಲ್ಲ. ಆದರೆ ಆ ಮಗುವಿನ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಈ ಕೊಕ್ಕರೆ, ಈ ಡ್ರ್ಯಾಗನ್ ಮೊದಲ ಸಲ ಯಾರದೋ ತಲೆಯೊಳಗೆ ಹುಟ್ಟಿತಲ್ಲ, ಅವರಿಗೆ ಎಲ್ಲಿ ಮಡಿಸಬೇಕು ಅಂತ ಹೇಗೆ ಗೊತ್ತಾಯ್ತು? ಹಾಳೆ ಹಿಡ್ಕೊಂಡು ಸುಮ್ಮನೆ ಮಡಿಸ್ತಾ ಹೋದರೆ ಹಲ್ಲಿ ಬರುತ್ತಾ?

ಬರಲ್ಲ. ಬಂದರೂ ಅದೃಷ್ಟ. ಡಿಸೈನ್ ಮಾಡೋರು ಅದೃಷ್ಟ ನಂಬಲ್ಲ, ಮೊದಲು ಜಾಗ ಹಂಚ್ತಾರೆ.

—

ಭಾಗ 3/8

ಇಡೀ ವಿದ್ಯೆಯ ಗುಟ್ಟು ಒಂದೇ ಸಾಲಿನಲ್ಲಿ ಹೇಳಬಹುದು: ಕಾಗದ ಮಡಚುತ್ತೆ, ಹಿಗ್ಗಲ್ಲ.

ಹಲ್ಲಿಗೆ 4 ಸೆಂ.ಮೀ. ಉದ್ದದ ಕಾಲು ಬೇಕು ಅಂದ್ಕೊಳ್ಳಿ. ಹೀಗೆ ಹೊರಗೆ ಚಾಚಿಕೊಂಡಿರೋ ಭಾಗಕ್ಕೆ ಒರಿಗಾಮಿಯವರು ಫ್ಲ್ಯಾಪ್ ಅಂತಾರೆ. ಕಾಲಿನ ತುದಿ ಹಾಳೆಯ ಯಾವುದೋ ಒಂದು ಬಿಂದು. ಆ ಬಿಂದುವಿನಿಂದ ಯಾವ ದಿಕ್ಕಿಗೆ ಹೋದರೂ 4 ಸೆಂ.ಮೀ. ತನಕ ಇರೋ ಕಾಗದ ಆ ಕಾಲಿಗೇ ಖರ್ಚಾಗುತ್ತೆ. ಮಡಿಸಿದ ಛತ್ರಿ ನೆನಪಿಸ್ಕೊಳ್ಳಿ. ಮುಚ್ಚಿದಾಗ ಉದ್ದದ ಕೋಲು, ಬಿಚ್ಚಿದಾಗ ಅಗಲದ ವೃತ್ತ. ಒರಿಗಾಮಿಯ ಕಾಲು ಅಂದ್ರೆ ಮುಚ್ಚಿದ ಛತ್ರಿ.

ಹಾಗಾಗಿ ಒಂದು ಫ್ಲ್ಯಾಪ್‌ಗೆ ಒಂದು ವೃತ್ತ. ಫ್ಲ್ಯಾಪ್ ಉದ್ದವೇ ತ್ರಿಜ್ಯ. ಎರಡು ವೃತ್ತ ಒಂದರ ಮೇಲೊಂದು ಬರೋ ಹಾಗಿಲ್ಲ, ಯಾಕಂದ್ರೆ ಒಂದೇ ತುಂಡು ಕಾಗದ ಎರಡು ಕಾಲುಗಳಿಗೆ ಸೇರೋಕಾಗಲ್ಲ.

ಈಗ ನಮ್ಮೂರಿನ ಸೈಟ್ ವ್ಯವಹಾರಕ್ಕೆ ಬನ್ನಿ. ಕಾರ್ನರ್ ಸೈಟ್‌ಗೆ ರೇಟ್ ಜಾಸ್ತಿ ಅಲ್ವಾ? ಒರಿಗಾಮಿಯಲ್ಲೂ ಮೂಲೆಗೇ ಬೆಲೆ, ಆದರೆ ಕಾರಣ ಬೇರೆ. 4 ಸೆಂ.ಮೀ. ಫ್ಲ್ಯಾಪ್‌ನ ತುದಿಯನ್ನ ಹಾಳೆಯ ನಡುವೆ ಇಟ್ರೆ ಪೂರ್ತಿ ವೃತ್ತ ಬೇಕು, ಸುಮಾರು 50 ಚದರ ಸೆಂ.ಮೀ. ಕಾಗದ. ಅಂಚಿನಲ್ಲಿ ಇಟ್ರೆ ಅರ್ಧ ವೃತ್ತ, 25 ಸಾಕು. ಮೂಲೆಯಲ್ಲಿ ಇಟ್ರೆ ಕಾಲು ವೃತ್ತ, 12.5. ಅದೇ ಉದ್ದದ ಕಾಲು, ಖರ್ಚು ಮಾತ್ರ ನಾಲ್ಕರಲ್ಲಿ ಒಂದು ಪಾಲು. ಕಾಗದ ಕಡಿಮೆ ಅಂದ್ರೆ ಪದರವೂ ಕಡಿಮೆ, ಕಾಲು ತೆಳ್ಳಗೆ ಬರುತ್ತೆ.

ನಂಬಿಕೆ ಬರಲಿಲ್ವಾ? ಹಾಳೆಯ ಒಂದು ಮೂಲೆಯನ್ನ ತುದಿಯಿಂದ ಬೀಸಣಿಗೆ ತರ ಸಣ್ಣಗೆ ಮಡಿಸಿ, ತುದಿಯಿಂದ 4 ಸೆಂ.ಮೀ. ಅಳೆದು ಕತ್ತರಿಸಿ, ಬಿಚ್ಚಿ ನೋಡಿ. ಕೈಗೆ ಬರೋದು ಕಾಲು ವೃತ್ತ.

—

ಭಾಗ 4/8

ಇದನ್ನ ತಿಳ್ಕೊಂಡ ಮೇಲೆ ನೂರು ಸಲ ಮಡಿಸಿದ್ದ ಕೊಕ್ಕರೆಯನ್ನೂ ಹೊಸದಾಗಿ ನೋಡಿದೆ. ಕೊಕ್ಕರೆಗೆ ಡಿಸೈನರ್ ಹೆಸರಿಲ್ಲ, ಅದು ಸಾಂಪ್ರದಾಯಿಕ. 1797ರಲ್ಲೇ ಜಪಾನಿನಲ್ಲಿ ಕೊಕ್ಕರೆ ಮಡಿಸೋದರ ಮೇಲೆ ಒಂದು ಪುಸ್ತಕ ಅಚ್ಚಾಗಿತ್ತು.

15 ಸೆಂ.ಮೀ. ಹಾಳೆ ತಗೊಳ್ಳಿ. ನಾಲ್ಕು ಮೂಲೆಯಲ್ಲಿ ಕೈವಾರ ಇಟ್ಟು 7.5 ಸೆಂ.ಮೀ. ತ್ರಿಜ್ಯದ ಕಾಲು ವೃತ್ತ ಎಳೀರಿ. ಅಂಚಿನ ಮಧ್ಯದಲ್ಲಿ ಒಂದಕ್ಕೊಂದು ಸರಿಯಾಗಿ ತಾಗ್ತವೆ. ಇವೇ ಎರಡು ರೆಕ್ಕೆ, ಒಂದು ಕತ್ತು, ಒಂದು ಬಾಲ. ನಡುವೆ ಚೂರು ಜಾಗ ಉಳೀತು. ಮೂಲೆಯಿಂದ ಕೇಂದ್ರಕ್ಕೆ ದೂರ 10.6. ಅದರಲ್ಲಿ 7.5 ಕಳೆದರೆ 3.1. ಕೊಕ್ಕರೆಯ ಬೆನ್ನ ಮೇಲೆ ಗೋಪುರದ ಹಾಗೆ ಏಳುತ್ತಲ್ಲ, ಆ ಉಬ್ಬು ಇದೇ 3.1ರ ವೃತ್ತ.

ಈಗ ನಡುವಿನ ವೃತ್ತವನ್ನ ದೊಡ್ಡದು ಮಾಡಿ, ಮೂಲೆಯವನ್ನ ಚಿಕ್ಕದು ಮಾಡಿ, ಐದೂ ಸಮ ಮಾಡಿದ್ರೆ? ಪ್ರತಿಯೊಂದೂ 5.3 ಬರುತ್ತೆ. ಅಂಚುಗಳ ಮಧ್ಯೆ 2.2 ಸೆಂ.ಮೀ.ಯ ನಾಲ್ಕು ಪುಟಾಣಿ ಅರ್ಧ ವೃತ್ತಗಳಿಗೂ ಜಾಗ ಸಿಗುತ್ತೆ. ಸಾಂಪ್ರದಾಯಿಕ ಕಪ್ಪೆಯನ್ನ ಮಡಿಸೋದು ಈ ಹಂಚಿಕೆಯಿಂದಲೇ. ಕೊಕ್ಕರೆಗೂ ಕಪ್ಪೆಗೂ ವ್ಯತ್ಯಾಸ ಇಷ್ಟೇ: ಅದೇ ಚೌಕ, ಬೇರೆ ಹಂಚಿಕೆ.

ಇದನ್ನ ವಿಧಾನವಾಗಿ ಬೆಳೆಸಿದವರಲ್ಲಿ ಇಬ್ಬರ ಹೆಸರು ನೆನಪಿಡಿ. ಜಪಾನಿನ ತೊಶಿಯುಕಿ ಮೆಗುರೊ ಮತ್ತು ಅಮೆರಿಕದ ರಾಬರ್ಟ್ ಲ್ಯಾಂಗ್. ಲ್ಯಾಂಗ್ ಭೌತವಿಜ್ಞಾನಿ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲೂ ಕೆಲಸ ಮಾಡಿದವರು. 2001ರಲ್ಲಿ ಉದ್ಯೋಗ ಬಿಟ್ಟು ಪೂರ್ತಿಯಾಗಿ ಒರಿಗಾಮಿಗೇ ಬಂದರು. ವೃತ್ತಗಳ ಹಂಚಿಕೆಯನ್ನ ಲೆಕ್ಕ ಹಾಕೋಕೆ ಟ್ರೀಮೇಕರ್ ಅನ್ನೋ ಪ್ರೋಗ್ರಾಂ ಬರೆದರು. ಆರು ಕಾಲು, ಮೀಸೆ, ಕೊಂಬು ಎಲ್ಲ ಇರೋ ಕೀಟಗಳು ಒಂದೇ ಚೌಕದಿಂದ, ಕತ್ತರಿ ತಾಗಿಸದೆ ಬರೋಕೆ ಶುರುವಾಗಿದ್ದು ಇಂಥ ಲೆಕ್ಕದಿಂದ.

—

ಭಾಗ 5/8

ಈಗ ನನ್ನ ಹಲ್ಲಿ. ಹಲ್ಲಿನೇ ಯಾಕೆ ಅಂದ್ರೆ, ನಮ್ಮನೆ ಟ್ಯೂಬ್‌ಲೈಟ್ ಹಿಂದೆ ಒಂದಿದೆ. ನಾವು ಏನಾದ್ರೂ ಮಾತಾಡುವಾಗ ಅದು ಲೊಚಗುಟ್ಟಿದರೆ ಅಜ್ಜಿ ತಕ್ಷಣ "ನೋಡು, ಸತ್ಯ" ಅಂತ ನೆಲ ತಟ್ಟುತ್ತಾರೆ. ದಿನಾ ನೋಡೋ ಪ್ರಾಣಿ, ಅಳತೆ ಕಣ್ಣಿಗೆ ಗೊತ್ತು.

ಮೊದಲು ಕಡ್ಡಿ ಚಿತ್ರ ಬರೀರಿ. ಹಲ್ಲಿಗೆ ತಲೆ, ಮುಂದಿನ ಎರಡು ಕಾಲು, ಹಿಂದಿನ ಎರಡು ಕಾಲು, ಬಾಲ. ಒಟ್ಟು ಆರು ಫ್ಲ್ಯಾಪ್, ನಡುವೆ ದೇಹ. ದೇಹಕ್ಕೆ ತುದಿ ಇಲ್ಲ, ಆದ್ದರಿಂದ ವೃತ್ತ ಇಲ್ಲ. ಮುಂದಿನ ಗುಂಪಿಗೂ ಹಿಂದಿನ ಗುಂಪಿಗೂ ನಡುವೆ ಅಷ್ಟು ಅಗಲದ ಪಟ್ಟಿ ಬಿಡಬೇಕು. ಲ್ಯಾಂಗ್ ಇದಕ್ಕೆ ನದಿ ಅಂತ ಕರೀತಾರೆ. ನಮ್ಮ ಕಡೆ ಲೆಕ್ಕದಲ್ಲಿ ಎರಡು ಹೊಲದ ನಡುವಿನ ಕಾಲುವೆ ಅನ್ನಿ.

ನಿಯಮ ಒಂದೇ. ಕಡ್ಡಿ ಚಿತ್ರದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋದರೆ ಎಷ್ಟು ದೂರವೋ, ಹಾಳೆಯ ಮೇಲೆ ಆ ಎರಡು ಬಿಂದುಗಳ ನೇರ ದೂರ ಕನಿಷ್ಠ ಅಷ್ಟಿರಬೇಕು. ಎಲ್ಲ ಜೋಡಿಗಳಿಗೂ ಇದು ಸರಿಬಂದರೆ, ಆ ಕಡ್ಡಿ ಚಿತ್ರವನ್ನ ಆ ಚೌಕದಿಂದ ಮಡಿಸೋಕೆ ದಾರಿ ಇದ್ದೇ ಇರುತ್ತೆ ಅಂತ ಲ್ಯಾಂಗ್ ತೋರಿಸಿಕೊಟ್ಟಿದ್ದಾರೆ.

20 ಸೆಂ.ಮೀ. ಹಾಳೆಯಲ್ಲಿ ಎರಡು ಹಂಚಿಕೆ ಹೋಲಿಸಿ ನೋಡೋಣ.

ಹಂಚಿಕೆ ಒಂದು: ನಾಲ್ಕು ಕಾಲು ನಾಲ್ಕು ಮೂಲೆಗೆ. ತಲೆ ಮೇಲಿನ ಅಂಚಿನ ಮಧ್ಯೆ, ಬಾಲ ಕೆಳಗಿನ ಅಂಚಿನ ಮಧ್ಯೆ. ಕಾಲು 6 ಇಟ್ರೆ ತಲೆಗೆ 4 ಉಳಿಯುತ್ತೆ, ಬಾಲಕ್ಕೂ 4. ದೇಹ 20 − 6 − 6 = 8. ಲೆಕ್ಕ ಚೊಕ್ಕ, ಅಂಚುಗಳಲ್ಲಿ ಒಂದು ಚೂರೂ ವೇಸ್ಟ್ ಇಲ್ಲ. ಆದರೆ ಕಾಲು ಬಾಲಕ್ಕಿಂತ ಉದ್ದ. ಇದು ಹಲ್ಲಿ ಅಲ್ಲ, ಕಪ್ಪೆಯ ದೂರದ ನೆಂಟ.

ಹಂಚಿಕೆ ಎರಡು: ಹಾಳೆಯನ್ನ ಓರೆ ತಿರುಗಿಸಿ. ಬಾಲ ಕೆಳಗಿನ ಮೂಲೆಗೆ, ತಲೆ ಎದುರಿನ ಮೂಲೆಗೆ, ಕಾಲುಗಳು ಅಂಚುಗಳ ಮೇಲೆ. ಬಾಲ 8, ಕಾಲು 4, ತಲೆ 3. ಹಿಂದಿನ ಕಾಲಿನ ತುದಿ ಬಾಲದ ಮೂಲೆಯಿಂದ 8 + 4 = 12 ಸೆಂ.ಮೀ. ದೂರ. ಮುಂದಿನ ಕಾಲಿನ ತುದಿ ತಲೆಯ ಮೂಲೆಯಿಂದ 3 + 4 = 7 ಸೆಂ.ಮೀ. ದೂರ. ಹಾಗಾದ್ರೆ ದೇಹಕ್ಕೆ ಎಷ್ಟು ಸಿಗುತ್ತೆ?

ಪೈಥಾಗೊರಸ್ ಬಂದ್ರು ನೋಡಿ. ಒಂದೇ ಪಕ್ಕದ ಹಿಂಗಾಲು ಮುಂಗಾಲಿನ ನಡುವೆ ಹಾಳೆಯ ಖಾಲಿ ಮೂಲೆ ಒಂದಿದೆ, ಲಂಬಕೋನ. ಒಂದು ಬಾಹು 20 − 12 = 8, ಇನ್ನೊಂದು 20 − 7 = 13. 64 + 169 = 233. ವರ್ಗಮೂಲ ಸುಮಾರು 15.26. ಅದರಲ್ಲಿ ಎರಡು ಕಾಲಿನ 8 ಕಳೆದರೆ 7.26. ದೇಹ 7 ಸೆಂ.ಮೀ. ಅಂತ ಇಟ್ಕೊಂಡೆ.

ತಲೆ 3, ದೇಹ 7, ಬಾಲ 8. ತಲೆ ಎತ್ತಿ ಟ್ಯೂಬ್‌ಲೈಟ್ ಕಡೆ ನೋಡಿದೆ. ಹೌದು, ಇದು ಹಲ್ಲಿ.

—

ಭಾಗ 6/8

ಜಾಗ ಹಂಚಿದ್ದಾಯ್ತು, ಗೆರೆ ಎಲ್ಲಿ ಎಳೀಬೇಕು? ಆರು ತುದಿಗಳನ್ನ ಸೇರಿಸಿದರೆ ಒಂದು ಷಡ್ಭುಜ. ಹೊರಗೆ ಉಳಿದ ಎರಡು ಮೂಲೆಗಳನ್ನ ಹಿಂದಕ್ಕೆ ಮಡಿಸಿಬಿಡಬಹುದು. ಒಳಗಿನ ಜಾಗದಲ್ಲಿ ಪ್ರತಿ ಮೂಲೆಯಿಂದ ಕೋನಾರ್ಧಕ ಎಳೀತಾ ಹೋಗಬೇಕು. ತ್ರಿಕೋನ ಸಿಕ್ಕಿದಲ್ಲಿ ಮೂರೂ ಕೋನಾರ್ಧಕಗಳು ಒಂದೇ ಬಿಂದುವಿನಲ್ಲಿ ಸೇರ್ತವೆ. ಅಲ್ಲಿ ಚಿವುಟಿದರೆ ಮೊಲದ ಕಿವಿ ತರ ಒಂದು ಫ್ಲ್ಯಾಪ್ ಏಳುತ್ತೆ. ಆ ಮಡಿಕೆಯ ಹೆಸರೂ ರ್ಯಾಬಿಟ್ ಇಯರ್ ಅಂತಲೇ. ಹೈಸ್ಕೂಲಲ್ಲಿ ಕೋನಾರ್ಧಕಗಳು ಒಂದೇ ಬಿಂದುವಿನಲ್ಲಿ ಸೇರ್ತವೆ ಅಂತ ರಚನೆ ಮಾಡಿ ಮಾರ್ಕ್ಸ್ ತಗೊಂಡಿದ್ವಲ್ಲ, ಅದೇ ಬಿಂದು. ಸೇರದೇ ಹೋಗಿದ್ದರೆ ಒರಿಗಾಮಿ ಕೊಕ್ಕರೆ ಅನ್ನೋದೇ ಇರ್ತಿರಲಿಲ್ಲ.

ಎಳೆದ ಗೆರೆಗಳು ಚಪ್ಪಟೆಯಾಗಿ ಮಡಚ್ತವಾ ಅಂತ ನೋಡೋಕೆ ಎರಡು ಪರೀಕ್ಷೆಗಳಿವೆ. ಎರಡನ್ನೂ ಈಗಲೇ ಮಾಡಿ ನೋಡಬಹುದು.

ಒಂದು ಹಾಳೆಯನ್ನ ಅರ್ಧಕ್ಕೆ ಮಡಿಸಿ. ಎರಡನೇ ಮಡಿಕೆಯನ್ನ ಮೊದಲ ಮಡಿಕೆಯನ್ನ ದಾಟಿ ಹೋಗೋ ಹಾಗೆ, ಬೇಕಂತಲೇ ಓರೆಯಾಗಿ ಹಾಕಿ. ಬಿಚ್ಚಿ. ನಾಲ್ಕು ಗೆರೆ ಸೇರೋ ಬಿಂದು ನೋಡಿ. ಮೇಲೆ ಉಬ್ಬಿರೋದು ಬೆಟ್ಟದ ಮಡಿಕೆ, ಒಳಗೆ ತಗ್ಗಿರೋದು ಕಣಿವೆ ಮಡಿಕೆ. ಒಂದು ಜಾತಿಯದು ಮೂರು, ಇನ್ನೊಂದು ಜಾತಿಯದು ಒಂದು. ವ್ಯತ್ಯಾಸ ಎರಡು. ಚಪ್ಪಟೆ ಮಡಚುವ ಯಾವ ಮಾದರಿಯಲ್ಲೇ ಆಗಲಿ, ಹಾಳೆಯ ಒಳಗಿನ ಯಾವ ಬಿಂದುವಿನಲ್ಲೇ ಆಗಲಿ, ಈ ವ್ಯತ್ಯಾಸ ಯಾವಾಗಲೂ ಎರಡೇ. ಇದು ಮಾಯೆಕಾವಾ ಪ್ರಮೇಯ.

ಅದೇ ಬಿಂದುವಿನ ಸುತ್ತ ಇರೋ ನಾಲ್ಕು ಕೋನಗಳನ್ನ ಕೋನಮಾಪಕದಲ್ಲಿ ಅಳೀರಿ. ಒಂದು ಬಿಟ್ಟು ಒಂದು ಕೂಡಿಸಿ. 180 ಡಿಗ್ರಿ. ಎಷ್ಟೇ ಓರೆ ಮಡಿಸಿದ್ರೂ 180. ಇದು ಕಾವಾಸಾಕಿ ಪ್ರಮೇಯ.

ನನ್ನ ಹಲ್ಲಿಯ ಕ್ರೀಸ್ ಪ್ಯಾಟರ್ನ್ ಕೈಗೆ ಬರೋಕೆ ಹನ್ನೊಂದು ಸಂಜೆ ಹಿಡೀತು. ಮಡಿಸಿದ್ದು ನೋಟ್‌ಬುಕ್‌ಗೆ ಹಾಕೋ ಬ್ರೌನ್ ಪೇಪರಲ್ಲಿ. ಗಟ್ಟಿ, ಅಗ್ಗ, ಹಲ್ಲಿಯ ಬಣ್ಣ.

—

ಭಾಗ 7/8

ಈ ಹನ್ನೊಂದು ಸಂಜೆಗಳಲ್ಲಿ ಒಂದು ಸಂಜೆ ಅಜ್ಜಿ ಬಂದು ಪಕ್ಕ ಕೂತರು. ಗ್ರಾಫ್ ಶೀಟ್ ಮೇಲಿನ ವೃತ್ತಗಳನ್ನ ನೋಡಿ, "ಇದೇನು, ರಂಗೋಲಿನಾ?" ಅಂದರು. ಒರಿಗಾಮಿ ಅಂದೆ. ಮೊದಲು ಜಾಗ ಹಂಚ್ಕೋಬೇಕು, ಆಮೇಲೆ ಗೆರೆ, ಅಂತ ವಿವರಿಸಿದೆ.

ಅಜ್ಜಿಗೆ ಒಂಚೂರೂ ಆಶ್ಚರ್ಯ ಆಗಲಿಲ್ಲ. "ಮತ್ತೆ? ಹದಿನೈದರಿಂದ ಎಂಟಕ್ಕೆ ಸಂದು ಚುಕ್ಕಿ ಇಡುವಾಗಲೇ ಗೊತ್ತಾಗುತ್ತೆ ಪುಟ್ಟಿ, ಬಳ್ಳಿ ಸೇರುತ್ತೋ ಇಲ್ವೋ ಅಂತ. ಗೆರೆ ಎಳೆದ ಮೇಲೆ ನೋಡೋಣ ಅಂದ್ರೆ ಹಿಟ್ಟು ದಂಡ."

ನಮ್ಮ ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸ್. ಧನುರ್ಮಾಸದಲ್ಲಿ ದಿನಕ್ಕೊಂದು ಹೊಸ ರಂಗೋಲಿ ಹಾಕ್ತಾರೆ, ಅದರಲ್ಲಿ ಪುಸ್ತಕದಲ್ಲಿಲ್ಲದವೂ ಎಷ್ಟೋ ಇರ್ತವೆ. ಅವರು ಇಷ್ಟು ವರ್ಷ ಡಿಸೈನ್ ಮಾಡ್ತಾನೇ ಇದ್ದಾರೆ. ಅದನ್ನ ಗಣಿತ ಅಂತ ನಾವ್ಯಾರೂ ಕರೆದಿರಲಿಲ್ಲ, ಅಷ್ಟೇ.

ಇನ್ನೊಂದು ವಿಷಯ ಹೇಳಲೇಬೇಕು. ಕಾಗದ ಮಡಿಸಿ ಜ್ಯಾಮಿತಿ ಕಲಿಯೋದರ ಬಗ್ಗೆ ಒಂದು ಪ್ರಸಿದ್ಧ ಪುಸ್ತಕ 1893ರಲ್ಲಿ ಹೊರಬಂದದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ. ಬರೆದವರು ಟಿ. ಸುಂದರ ರಾವ್. ಹೆಸರು 'ಜಿಯೊಮೆಟ್ರಿಕ್ ಎಕ್ಸರ್‌ಸೈಸಸ್ ಇನ್ ಪೇಪರ್ ಫೋಲ್ಡಿಂಗ್'. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ತಮ್ಮ ಪುಸ್ತಕದಲ್ಲಿ ಅದನ್ನ ಪ್ರಸ್ತಾಪಿಸಿದರು. ಅದರಿಂದ ಅಮೆರಿಕದ ಇಬ್ಬರು ಪ್ರಾಧ್ಯಾಪಕರ ಕಣ್ಣಿಗೆ ಬಿದ್ದು, 1901ರಲ್ಲಿ ಷಿಕಾಗೋದಲ್ಲಿ ಮತ್ತೆ ಅಚ್ಚಾಯಿತು. ಹಲ್ಲಿ, ಕೊಕ್ಕರೆ ಅದರಲ್ಲಿಲ್ಲ. ಚೌಕ, ಪಂಚಭುಜ, ಷಡ್ಭುಜ, ವಕ್ರರೇಖೆಗಳನ್ನ ಮಡಿಕೆಯಿಂದಲೇ ಪಡೆಯೋದು ಹೇಗೆ ಅನ್ನೋದಿದೆ. "ಒರಿಗಾಮಿ ನಮ್ಮದಲ್ಲ ಕಣೆ" ಅಂದವರಿಗೆ ಇದನ್ನ ಕಳಿಸಿ. ಮಡಿಸೋ ಕಲೆ ಜಪಾನಿನಲ್ಲಿ ಬೆಳೆದದ್ದು ಹೌದು. ಮಡಿಕೆಯ ಒಳಗಿನ ಜ್ಯಾಮಿತಿಗೆ ಮಾತ್ರ ಪಾಸ್‌ಪೋರ್ಟ್ ಬೇಕಿಲ್ಲ.

—

ಭಾಗ 8/8

ನನ್ನ ಹಲ್ಲಿ ದೊಡ್ಡ ಕಲಾವಿದರ ಕೆಲಸದ ಪಕ್ಕ ಇಟ್ರೆ ಸಾಧಾರಣ. ಬೆರಳುಗಳಿಲ್ಲ. ಎರಡು ಹಿಂಗಾಲುಗಳ ನಡುವೆ ಬೇಕಿದ್ದದ್ದು 8 ಸೆಂ.ಮೀ., ನಾನು ಬಿಟ್ಟಿರೋದು ಸುಮಾರು 17. ಆ ಹೆಚ್ಚಿನ ಕಾಗದವೆಲ್ಲ ಹೊಟ್ಟೆಗೆ ಸೇರಿ, ಹಬ್ಬದ ಊಟ ಮಾಡಿದ ಹಲ್ಲಿ ತರ ಕಾಣುತ್ತೆ. ಎರಡು ಕಾರ್ನರ್ ಸೈಟ್‌ಗಳನ್ನ ಖಾಲಿ ಬಿಟ್ಟಿದ್ದೀನಿ. ನಿಮ್ಮಲ್ಲಿ ಯಾರಾದರೂ ಇದಕ್ಕಿಂತ ಚೆನ್ನಾಗಿ ಹಂಚಬಹುದು, ಹಂಚಿ.

ಆದರೆ ಅದರ ಪ್ರತಿ ಗೆರೆಯೂ ಯಾಕೆ ಅಲ್ಲೇ ಇದೆ ಅಂತ ನಾನು ಹೇಳಬಲ್ಲೆ. ನನ್ನ ಮಟ್ಟಿಗೆ "ಇದು ನನ್ನದು" ಅನ್ನೋ ಮಾತಿನ ಅರ್ಥ ಅಷ್ಟೇ. ಬೇರೆಯವರ ಮಾದರಿ ಮಡಿಸುವಾಗ ಮುಂದೇನು ಅಂತ ವಿಡಿಯೋ ಹೇಳುತ್ತೆ. ಇಲ್ಲಿ ಮುಂದೇನು ಅಂತ ಹಾಳೆಯನ್ನೇ ಕೇಳಬೇಕು, ಅದು ಕೊಡೋ ಉತ್ತರ ಅರ್ಥ ಆಗಬೇಕಾದ್ರೆ ಅದರ ಭಾಷೆ ಬರಬೇಕು. ಆ ಭಾಷೆಯನ್ನ ನಮಗೆ ಸ್ಕೂಲಲ್ಲಿ ಕಲಿಸಿದ್ದಾರೆ. ಪರೀಕ್ಷೆ ಮುಗಿದ ದಿನ ನಾವೇ ಅದನ್ನ ರದ್ದಿಗೆ ಹಾಕಿರ್ತೀವಿ.

ಇದೇ ಕಾರಣಕ್ಕೆ ಒಂದು ಕೋರಿಕೆ. ಯಾರದೋ ಮಾದರಿ ಮಡಿಸಿ ಫೋಟೋ ಹಾಕುವಾಗ ಡಿಸೈನರ್ ಹೆಸರು ಬರೀರಿ. ಆ ಹೆಸರಿನ ಹಿಂದೆ ಎಷ್ಟು ಸಂಜೆಗಳಿವೆ ಅಂತ ಈಗ ನಿಮಗೂ ಅಂದಾಜಿದೆ. ಕೊಕ್ಕರೆ, ದೋಣಿಯಂಥವಕ್ಕೆ 'ಸಾಂಪ್ರದಾಯಿಕ' ಅಂತ ಹಾಕಿದರೆ ಸಾಕು.

ಈಗ ನಿಮ್ಮ ಸರದಿ. ಮಡಿಸೋದು ಬೇಡ, ಹಂಚಿಕೆ ಮಾತ್ರ ಮಾಡಿ.

1. ಒಂದು ಪ್ರಾಣಿ ಆರಿಸಿ. ಮೊದಲ ಸಲಕ್ಕೆ ಆಮೆ ಒಳ್ಳೇದು. ಏಡಿ, ಜೇಡ ಆಮೇಲೆ.
2. ಕಡ್ಡಿ ಚಿತ್ರ ಬರೆದು ಪ್ರತಿ ಫ್ಲ್ಯಾಪ್‌ನ ಉದ್ದ ಪಕ್ಕದಲ್ಲೇ ಬರೀರಿ.
3. ಗ್ರಾಫ್ ಶೀಟ್‌ನಲ್ಲಿ 20 ಸೆಂ.ಮೀ. ಚೌಕ ಹಾಕಿ. ಹಾಳೆ ಚಿಕ್ಕದಾದ್ರೆ 10 ಹಾಕಿ, ಎಲ್ಲ ಅಳತೆ ಅರ್ಧ ಮಾಡಿ.
4. ಉದ್ದದ ಫ್ಲ್ಯಾಪ್‌ಗಳಿಗೆ ಮೊದಲು ಮೂಲೆ ಕೊಡಿ, ಆಮೇಲೆ ಅಂಚು. ಹಾಳೆಯ ನಡುಭಾಗ ಕೊನೆಗೆ.
5. ವೃತ್ತ ಎಳೀರಿ. ದೇಹಕ್ಕೆ ಕಾಲುವೆ ಬಿಡಿ.
6. ಪ್ರತಿ ಜೋಡಿಯ ದೂರ ಅಳೆದು, ಕಡ್ಡಿ ಚಿತ್ರದ ದೂರಕ್ಕೆ ಹೋಲಿಸಿ. ಕಡಿಮೆ ಬಿದ್ದಲ್ಲಿ ಬಿಂದುವನ್ನ ಸರಿಸಿ.

ಆ ಶೀಟ್‌ನ ಫೋಟೋ ತೆಗೆದು ಸ್ಟೋರಿಗೆ ಹಾಕಿ ನನ್ನನ್ನ ಟ್ಯಾಗ್ ಮಾಡಿ. ಅಳಿಸಿ ತಿದ್ದಿದ ಗುರುತುಗಳಿದ್ದರೆ ಹಾಗೇ ಇರಲಿ, ಅವನ್ನ ನೋಡೋಕೇ ನನಗೆ ಜಾಸ್ತಿ ಇಷ್ಟ. "ನಂಗೆ ಮ್ಯಾಥ್ಸ್ ಬರಲ್ಲ" ಅನ್ನೋರು ವಿಶೇಷವಾಗಿ ಕಳಿಸಿ. ನಿಮ್ಮ ಆಮೆಯ ನಾಲ್ಕು ಕಾಲಿಗೆ ಜಾಗ ಸಿಕ್ಕಿದ್ರೆ ನಿಮಗೆ ಮ್ಯಾಥ್ಸ್ ಬರುತ್ತೆ ಅಂತಲೇ ಲೆಕ್ಕ.

#ಒರಿಗಾಮಿ #ಕಾಗದದಹಲ್ಲಿ #ಕನ್ನಡದಲ್ಲಿಗಣಿತ #ನನ್ನಡಿಸೈನ್